ಗಬ್ನಿತ್: ಒಂದು ಐರಿಷ್ ಹೆಸರಿನ ಕಥೆ

(ನಮ್ಮೂರಿನ ವಾಚನಾಲಯದ ತಿಂಗಳ ಕೂಟದಲ್ಲಿ ಆಡಿದ ಮಾತು. ಕೇಳಿದ ಕೆಲವರು ಬರಹದಲ್ಲಿ ಬೇಕು ಅಂದದ್ದಕ್ಕೆ ಇಲ್ಲಿ ಹಾಕಿದ್ದೇವೆ. ಸ್ವಲ್ಪ ಉದ್ದ ಉಂಟು, ಬಿಡುವಾದಾಗ ಓದಿ.)



ನಾವು ಭಾಷಾ ಪಂಡಿತರಲ್ಲ. ಓದಿದ್ದು ಬಿ.ಕಾಂ., ಮಾಡುವುದು ಬ್ಯಾಂಕಿನ ಕೌಂಟರಿನಲ್ಲಿ ಗುಮಾಸ್ತಿಕೆ. ಹಾಗಿರುವಾಗ ಐರ್ಲೆಂಡಿನ ಒಂದು ಹೆಣ್ಣು ಹೆಸರಿನ ಬಗ್ಗೆ ಮಾತಾಡ್ತೇವೆ ಅಂದರೆ ನಿಮಗೆ ನಗು ಬರಬಹುದು. ಅದು ನಮ್ಮ ಕೌಂಟರಿಗೆ ಹೇಗೆ ಬಂತು ಅಂತ ಮೊದಲು ಹೇಳಿಬಿಡ್ತೇವೆ.

ನಮ್ಮ ಕಾಸರಗೋಡು ಕಡೆಯ ಒಬ್ಬರು ಹೆಣ್ಣುಮಗಳು ಐರ್ಲೆಂಡಿನ ಕಾರ್ಕ್ ಜಿಲ್ಲೆಯಲ್ಲಿ ನರ್ಸ್. ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ ಕೆಲಸ. ರಜೆಯಲ್ಲಿ ಬಂದವರು ಖಾತೆಗೆ ಅಮ್ಮನನ್ನು ನಾಮಿನಿ ಮಾಡಲಿಕ್ಕೆ ಬ್ಯಾಂಕಿಗೆ ಬಂದರು. ಅಮ್ಮನ ಹೆಸರು ಬಾಯಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಆಧಾರಿನಲ್ಲಿ ಮೂರನೆಯದು. ನಾವು ದಿನಾ ಹೇಳುವ ಮಾತನ್ನೇ ಹೇಳಿದೆವು: "ವಿಲೇಜ್ ಆಫೀಸಿನಿಂದ ಒನ್ ಆಂಡ್ ದ ಸೇಮ್ ಸರ್ಟಿಫಿಕೇಟ್ ತನ್ನಿ." ಮೂರು ಹೆಸರಿನವರೂ ಒಬ್ಬರೇ ಅಂತ ಬರೆದು ಕೊಡುವ ಕಾಗದ ಅದು. ಅವರು ಸುಸ್ತಾಗಿ ಬೆಂಚಿನಲ್ಲಿ ಕೂತು ಹೇಳಿದರು: "ಸರ್, ನಮ್ಮ ಅಮ್ಮನದ್ದು ಮಾತ್ರ ಅಲ್ಲ. ಅಲ್ಲಿ ನಾನು ನೋಡಿಕೊಳ್ಳುವ ಅಜ್ಜಿಯ ಕಥೆಯೂ ಇದೇ."

ಫೈಲಿನಲ್ಲಿ ಆ ಅಜ್ಜಿಯ ಹೆಸರು ಅಬಿಗೇಲ್. ಮರೆವಿನ ಕಾಯಿಲೆ. ಎಷ್ಟು ಸಲ "ಅಬಿಗೇಲ್" ಅಂತ ಕರೆದರೂ ತಿರುಗಿ ನೋಡುವುದಿಲ್ಲ, ಊಟಕ್ಕೆ ಬಾಯಿ ತೆರೆಯುವುದಿಲ್ಲ. ಒಂದು ದಿನ ಅಜ್ಜಿಯ ತಂಗಿ ನೋಡಲಿಕ್ಕೆ ಬಂದವರು, "ಅವಳನ್ನು ಮನೆಯಲ್ಲಿ ಯಾರೂ ಹಾಗೆ ಕರೆದೇ ಇಲ್ಲ. ಗಬ್ನಿತ್ ಅಂತ ಕರೆದು ನೋಡು" ಅಂದರಂತೆ. ಕರೆದರು. ಅಜ್ಜಿ ಕಣ್ಣು ತೆರೆದು ಓಗೊಟ್ಟರು.

ಅವರ ಒಪ್ಪಿಗೆ ಕೇಳಿಯೇ ಇದನ್ನು ಹೇಳುತ್ತಿದ್ದೇವೆ. ಅಮ್ಮನ ಹೆಸರು, ಖಾತೆಯ ವಿವರ ಹೇಳುವುದಿಲ್ಲ, ಅದು ಬ್ಯಾಂಕಿನವರ ಮರ್ಯಾದೆ. ಆದರೆ ಆ ದಿನದಿಂದ ಗಬ್ನಿತ್ ನಮ್ಮ ತಲೆಯಿಂದ ಹೋಗಲಿಲ್ಲ. ಗಬ್ನಿತ್ ಎಲ್ಲಿ, ಅಬಿಗೇಲ್ ಎಲ್ಲಿ? ಹುಡುಕುತ್ತಾ ಹೋದೆವು. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡ್ತೇವೆ.

ಮೊದಲು ಹೆಸರಿನ ಅರ್ಥ. ಹಳೆಯ ಐರಿಷ್ ಭಾಷೆಯಲ್ಲಿ ಗೊಬ ಅಂದರೆ ಕಮ್ಮಾರ, ನಮ್ಮ ಕಡೆ ಹೇಳುವ ಕಬ್ಬಿಣದ ಆಚಾರಿ. ಅವರ ಪುರಾಣದ ಕಮ್ಮಾರ ದೇವರ ಹೆಸರು ಗೊಯ್ಬ್‌ನಿಯು, ಅದೂ ಇದೇ ಬೇರಿನದ್ದು. ಕೊನೆಗೆ ಬರುವ "ನಿತ್" ಒಂದು ಪ್ರತ್ಯಯ. ಹೆಣ್ಣು ಹೆಸರಿನ ಕೊನೆಗೆ ಮುದ್ದಿಗೆ, ಚಿಕ್ಕದು ಅನ್ನುವ ಅರ್ಥಕ್ಕೆ ಸೇರಿಸುವುದು. ನಾವು ಪುಟ್ಟಿ ಅನ್ನುವುದಿಲ್ಲವೇ, ಹಾಗೆ. ಬ್ಲಾ ಅಂದರೆ ಹೂವು, ಅದಕ್ಕೆ ಈ ಪ್ರತ್ಯಯ ಸೇರಿದರೆ ಬ್ಲಾನಿತ್, ಅಂದರೆ ಹೂಪುಟ್ಟಿ. ಗಬ್ನಿತ್ ಅಂದರೆ ಕಮ್ಮಾರಪುಟ್ಟಿ. ರಾಜಕುಮಾರಿ ಅಲ್ಲ, ಅಪ್ಸರೆ ಅಲ್ಲ, ತಿದಿ, ಕುಲುಮೆ, ಸುತ್ತಿಗೆಯ ಮನೆಯ ಹುಡುಗಿ. ಕೈಕಸುಬಿನಿಂದ ಹುಟ್ಟಿದ ಹೆಣ್ಣು ಹೆಸರು ನಾವು ಕೇಳಿದ್ದು ಕಡಿಮೆಯೇ. ನಮಗೆ ಅದು ತುಂಬಾ ಹಿಡಿಸಿತು.

ಈ ಹೆಸರು ಉಳಿದುಕೊಂಡದ್ದು ಒಬ್ಬ ಸಂತಳಿಂದ. ಕ್ರಿಸ್ತಶಕ 5-6ನೇ ಶತಮಾನದವಳು ಅಂತ ಐತಿಹ್ಯ. ಪಶ್ಚಿಮ ಕರಾವಳಿಯ ಕ್ಲೇರ್ ಕಡೆಯವಳು. ಕುಟುಂಬದ ಜಗಳದಿಂದ ತಪ್ಪಿಸಿಕೊಂಡು ಅರಾನ್ ದ್ವೀಪಗಳಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಇನಿಶೀರಿಗೆ ಹೋದಳಂತೆ. ಅವಳ ಹೆಸರಿನ ಪುಟ್ಟ ಇಗರ್ಜಿಯ ಕಲ್ಲಿನ ಗೋಡೆಗಳು ಆ ದ್ವೀಪದಲ್ಲಿ ಇವತ್ತಿಗೂ ಉಂಟು. ಅಲ್ಲಿ ದೇವದೂತನೊಬ್ಬ ಬಂದು, "ಇದು ನಿನ್ನ ಜಾಗ ಅಲ್ಲ. ಒಂಬತ್ತು ಬಿಳಿ ಜಿಂಕೆಗಳು ಒಟ್ಟಿಗೆ ಮೇಯುವುದು ಎಲ್ಲಿ ಕಾಣುತ್ತದೋ ಅಲ್ಲಿ ನಿಲ್ಲು" ಅಂದನಂತೆ. ಅವಳು ದಕ್ಷಿಣದ ಕಡೆ ನಡೆದಳು. ಒಂದು ಊರಲ್ಲಿ ಮೂರು ಕಂಡವು, ನಿಲ್ಲಲಿಲ್ಲ. ಇನ್ನೊಂದರಲ್ಲಿ ಆರು ಕಂಡವು, ನಿಲ್ಲಲಿಲ್ಲ. ಕಾರ್ಕ್ ಜಿಲ್ಲೆಯ ಬಾಲ್ಯಾ ವೂರ್ನಿಯಲ್ಲಿ ಒಂಬತ್ತು ಕಂಡವು. ಅಲ್ಲಿ ನಿಂತು ಹೆಂಗಸರ ಮಠ ಕಟ್ಟಿದಳು. ಆ ಊರನ್ನು ಇಂಗ್ಲಿಷ್ ನಕ್ಷೆಯಲ್ಲಿ ಬ್ಯಾಲಿವೂರ್ನಿ ಅಂತ ಬರೆಯುತ್ತಾರೆ.

ಅವಳು ಜೇನು ಸಾಕುತ್ತಿದ್ದಳು, ಜೇನುತುಪ್ಪದಿಂದ ಮದ್ದು ಮಾಡುತ್ತಿದ್ದಳು ಅನ್ನುತ್ತಾರೆ. ಒಮ್ಮೆ ಊರ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅವಳು ಜೇನಿನ ಹಿಂಡನ್ನು ಅವರ ಮೇಲೆ ಬಿಟ್ಟಳಂತೆ. ಕಳ್ಳರು ದನ ಬಿಟ್ಟು ಓಡಿದರು. ಐತಿಹ್ಯ ಹೌದು, ಆದರೆ ಜೇನು ಆ ನಾಡಿನಲ್ಲಿ ಸಣ್ಣ ವಿಷಯ ಆಗಿರಲಿಲ್ಲ. ಜೇನಿನ ತೀರ್ಪುಗಳು ಅನ್ನುವ ಅರ್ಥದ ಹೆಸರಿನಲ್ಲಿ 7ನೇ ಶತಮಾನದ ಒಂದು ಕಾನೂನು ಗ್ರಂಥವೇ ಅವರಲ್ಲಿ ಉಂಟು. ಸಿಹಿಗೆ ಜೇನು, ಮದ್ದಿಗೆ ಜೇನು, ಇಗರ್ಜಿಯ ದೀಪಕ್ಕೆ ಜೇನುಮೇಣ. ಇವತ್ತಿಗೂ ಗಬ್ನಿತ್ ಜೇನು ಸಾಕುವವರ ಸಂತೆ. ಕಾರ್ಕ್ ನಗರದ ಹೊನನ್ ಚಾಪೆಲಿನಲ್ಲಿ ಹ್ಯಾರಿ ಕ್ಲಾರ್ಕ್ ಅನ್ನುವ ಕಲಾವಿದ ಮಾಡಿದ ಬಣ್ಣದ ಗಾಜಿನ ಕಿಟಕಿಯಲ್ಲಿ ಅವಳ ಜೊತೆಗೆ ಜೇನುನೊಣಗಳೂ ಇವೆ.

ಪ್ರತಿ ವರ್ಷ ಫೆಬ್ರವರಿ 11ಕ್ಕೆ ಅವಳ ಹಬ್ಬ. ಜನ ಬಾಲ್ಯಾ ವೂರ್ನಿಗೆ ಬಂದು, ನಿಗದಿಯಾದ ಜಾಗಗಳಲ್ಲಿ ನಿಂತು ಪ್ರಾರ್ಥನೆ ಹೇಳುತ್ತಾ ಸುತ್ತು ಬರುತ್ತಾರೆ. ಅಲ್ಲಿ ಮಧ್ಯಯುಗದ ಒಂದು ಮರದ ಮೂರ್ತಿ ಉಂಟು. ಹಬ್ಬದ ದಿನ ಅದನ್ನು ಹೊರಗೆ ಇಡುತ್ತಾರೆ. ಜನ ರಿಬ್ಬನ್ ತಂದು ಮೂರ್ತಿಯ ಉದ್ದಕ್ಕೆ, ಸುತ್ತಕ್ಕೆ ಅಳತೆ ಹಿಡಿದು ಮನೆಗೆ ಒಯ್ಯುತ್ತಾರೆ. ಅದಕ್ಕೆ ಗಬ್ನಿತ್‌ನ ಅಳತೆ ಅಂತ ಹೆಸರು. ಮಕ್ಕಳಿಗೆ ಜ್ವರ ಬಂದರೆ, ದನಕ್ಕೆ ಹುಷಾರಿಲ್ಲದಿದ್ದರೆ ಆ ರಿಬ್ಬನ್ ಕಟ್ಟುತ್ತಾರೆ. ಹರಕೆ, ನೂಲು ಕಟ್ಟುವುದು ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಒಂದು ಸ್ವಾರಸ್ಯ. 1951ರಲ್ಲಿ ಓ'ಕೆಲ್ಲಿ ಅನ್ನುವ ಪುರಾತತ್ವಜ್ಞರು ಬಾಲ್ಯಾ ವೂರ್ನಿಯಲ್ಲಿ ಗಬ್ನಿತ್‌ನ ಮನೆ ಅಂತ ಜನ ಕರೆಯುವ ದುಂಡಗಿನ ಕಲ್ಲುಕಟ್ಟಡವನ್ನು ಅಗೆದರು. ಸಿಕ್ಕಿದ್ದು ಏನು? ಕಬ್ಬಿಣ ಕಾಯಿಸಿದ ಗುಂಡಿಗಳು, ಕಿಟ್ಟ, ಕಮ್ಮಾರಿಕೆಯ ಗುರುತುಗಳು. ಕಮ್ಮಾರಪುಟ್ಟಿಯ ಹೆಸರಿನ ಜಾಗದಲ್ಲಿ ಕುಲುಮೆ! ಸಂತೆ ನಿಜವಾಗಿ ಇದ್ದಳು ಅನ್ನುವುದಕ್ಕೆ ಇದು ಸಾಕ್ಷಿ ಆಗುವುದಿಲ್ಲ. ಆದರೆ ಸಂತೆಯ ಕಥೆಯಲ್ಲಿ ಜೇನು ಮುಂದೆ ಬಂದು ಕಬ್ಬಿಣ ಹಿಂದೆ ಸರಿದಿದ್ದರೂ, ಹೆಸರಿನ ಒಳಗೆ ಕಬ್ಬಿಣ ಹಾಗೇ ಕೂತಿತ್ತು.

ಈಗ ಮುಖ್ಯ ವಿಷಯಕ್ಕೆ ಬರ್ತೇವೆ. ಗಬ್ನಿತ್ ಅಬಿಗೇಲ್ ಆದದ್ದು ಹೇಗೆ?

ಐರ್ಲೆಂಡಿನಲ್ಲಿ ಹೆಸರಿನ ಮೇಲೆ ಸರಕಾರದ ಕಣ್ಣು ಬಿದ್ದದ್ದು ಬಹಳ ಹಿಂದೆ. 1366ರ ಕಿಲ್ಕೆನ್ನಿ ಶಾಸನ, ಅಲ್ಲಿ ನೆಲೆಸಿದ ಇಂಗ್ಲಿಷರು ಐರಿಷ್ ಭಾಷೆ ಆಡಬಾರದು, ಐರಿಷ್ ಹೆಸರು ಇಟ್ಟುಕೊಳ್ಳಬಾರದು ಅಂತ ಹೇಳಿತು. 1465ರ ಕಾನೂನು ಇನ್ನೂ ಮುಂದೆ ಹೋಯಿತು. ಡಬ್ಲಿನ್ ಸುತ್ತಿನ ಜಿಲ್ಲೆಗಳಲ್ಲಿ ಇಂಗ್ಲಿಷರ ನಡುವೆ ಇರುವ ಐರಿಷ್ ಜನ ಇಂಗ್ಲಿಷ್ ಅಡ್ಡಹೆಸರು ಇಟ್ಟುಕೊಳ್ಳಬೇಕು. ಎಂಥದ್ದು? ಒಂದು ಊರಿನ ಹೆಸರು, ಅಥವಾ ಬಿಳಿ, ಕಪ್ಪು, ಕಂದು ಅಂತ ಒಂದು ಬಣ್ಣದ ಹೆಸರು, ಅಥವಾ ಕಮ್ಮಾರ, ಬಡಗಿ ಅಂತ ಒಂದು ಕಸುಬಿನ ಹೆಸರು, ಅಥವಾ ಅಡುಗೆಯವ ಅಂತ ಒಂದು ಹುದ್ದೆಯ ಹೆಸರು. ಅರ್ಜಿಯಲ್ಲಿ ಟಿಕ್ ಹಾಕುವ ಚೌಕಗಳ ಹಾಗೆ.

ಗೊಬ ಶಬ್ದದ ಗತಿಯನ್ನೇ ನೋಡಿ. ಕಮ್ಮಾರನ ಮಗ ಅನ್ನುವ ಅರ್ಥದ ಮಾಕ್ ಗವ್ವನ್ ಅಂತ ಒಂದು ಕುಲನಾಮ ಇತ್ತು. ಕೆಲವರಲ್ಲಿ ಅದು ಮೆಕ್‌ಗೋವನ್ ಅಂತ ಉಳಿಯಿತು. ಕ್ಯಾವನ್ ಜಿಲ್ಲೆಯಲ್ಲಿ ಬಹಳ ಮನೆಗಳಲ್ಲಿ ನೇರವಾಗಿ ಸ್ಮಿತ್ ಆಯಿತು. ಅಲ್ಲಿ ಕೊನೆಯಪಕ್ಷ ಅರ್ಥವಾದರೂ ಉಳಿಯಿತು. ಅದೇ ಬೇರಿನ ಹೆಣ್ಣು ಹೆಸರು ಗಬ್ನಿತ್‌ಗೆ ಆ ಭಾಗ್ಯವೂ ಇಲ್ಲ. ಇಂಗ್ಲಿಷಿನಲ್ಲಿ ಕಮ್ಮಾರಪುಟ್ಟಿ ಅಂತ ಹೆಸರು ಇಲ್ಲವಲ್ಲ. ಹಾಗಾಗಿ ಬೈಬಲ್ಲಿನಿಂದ ಹೆಸರು ಹುಡುಕಿದರು. ಒಂದು ಡೆಬೊರಾ. ಹೀಬ್ರೂ ಭಾಷೆಯಲ್ಲಿ ಡೆಬೊರಾ ಅಂದರೆ ಜೇನುನೊಣ. ಸಂತೆಯ ಜೇನಿನ ನೆನಪಿನಲ್ಲಿ ಅದು ಹೊಂದಿತು. ಇನ್ನೊಂದು ಅಬಿಗೇಲ್. ಅದರ ಅರ್ಥ ತಂದೆಯ ಸಂತೋಷ. ಅದಕ್ಕೂ ಕಬ್ಬಿಣಕ್ಕೂ ಜೇನಿಗೂ ಯಾವ ಸಂಬಂಧವೂ ಇಲ್ಲ. ಆದರೂ ಕಾರ್ಕ್, ಕೆರ್ರಿ ಜಿಲ್ಲೆಗಳಲ್ಲಿ ಗಬ್ನಿತ್ ಅಂದರೆ ಕಾಗದದಲ್ಲಿ ಅಬಿಗೇಲ್, ಅಬ್ಬಿ ಅಂತ ಬರೆಯುವುದು ರೂಢಿಯೇ ಆಯಿತು.

ಇದು ಒಬ್ಬಳ ಪಾಡಲ್ಲ. ಕನಹೂರ್ ಅನ್ನುವವನು ಕಾರ್ನೇಲಿಯಸ್ ಆದ, ಡೀರ್ಮಿದ್ ಅನ್ನುವವನು ಜೆರೆಮಾಯ, ತೈಗ್ ಅನ್ನುವವನು ತಿಮೊತಿ. ಅರ್ಥದಲ್ಲಿ ಯಾವುದಕ್ಕೂ ಹೊಂದಿಕೆ ಇಲ್ಲ. ಹೆಚ್ಚೆಂದರೆ ಮೊದಲಿನ ಒಂದು ಅಕ್ಷರದ ಸದ್ದು ಹೋಲಬಹುದು. ರಿಜಿಸ್ಟರಿಗೆ ಅಷ್ಟೇ ಸಾಕು.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಗಬ್ನಿತ್ ಅಂತ ಕರೆದರೆ ಜೈಲು ಅಂತ ಯಾವ ಕಾನೂನೂ ಇರಲಿಲ್ಲ. 1831ರಲ್ಲಿ ಸರಕಾರಿ ಶಾಲೆಗಳು ಬಂದವು, ಪಾಠ ಇಂಗ್ಲಿಷಿನಲ್ಲಿ. ಐರಿಷ್ ಮಾತಾಡಿದ ಮಗುವಿನ ಕುತ್ತಿಗೆಗೆ ಒಂದು ಕೋಲು ಕಟ್ಟಿ, ಪ್ರತಿ ಮಾತಿಗೆ ಅದರಲ್ಲಿ ಒಂದೊಂದು ಗೀಟು ಹಾಕಿ, ಸಂಜೆ ಲೆಕ್ಕ ಮಾಡಿ ಹೊಡೆಯುವ ಪದ್ಧತಿ ಆ ಕಾಲದಲ್ಲಿ ಇತ್ತು. ಮನೆಯಲ್ಲಿ ತಂದೆತಾಯಿಯೂ ಆ ಗೀಟು ಹಾಕುತ್ತಿದ್ದರು. 1845ರಿಂದ ಆಲೂಗಡ್ಡೆಯ ಕ್ಷಾಮ. ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಅಮೆರಿಕಕ್ಕೆ ಹೋಗುವ ಮಗಳಿಗೆ ಇಂಗ್ಲಿಷ್ ಹೆಸರು ಇರಲಿ, ಕೆಲಸ ಸಿಕ್ಕಲಿ ಅಂತ ತಾಯಿಗೆ ಅನಿಸುವುದು ತಪ್ಪಾ? 1851ರ ಜನಗಣತಿಯಲ್ಲಿ ಐರಿಷ್ ಬಲ್ಲವರು ಸುಮಾರು 15 ಲಕ್ಷ. 1891ಕ್ಕೆ ಸುಮಾರು 6 ಲಕ್ಷ 80 ಸಾವಿರ. 1864ರಿಂದ ಎಲ್ಲರ ಜನನ ಮರಣ ನೋಂದಣಿ ಕಡ್ಡಾಯ ಆಯಿತು, ದಾಖಲೆಯ ಭಾಷೆ ಇಂಗ್ಲಿಷ್. ಅಪ್ಪ ನೋಂದಣಿಗೆ ಹೋಗಿ "ಅಬಿಗೇಲ್" ಅಂತ ತಾನೇ ಹೇಳಿದ. ಮನೆಗೆ ಬಂದು "ಗಬ್ನಿತ್" ಅಂತ ಕರೆದ. ಆಫೀಸಿಗೆ ಒಂದು, ಅಡುಗೆಮನೆಗೆ ಒಂದು.

ಐರಿಷ್‌ನಲ್ಲಿ ಹೆಸರು ಬರೆದು ತೋರಿಸಿದವರಿಗೆ ಏನಾಯಿತು ಅಂತ ಒಂದು ಪ್ರಸಂಗ. 1905ರಲ್ಲಿ ಡೊನೆಗಾಲ್ ಜಿಲ್ಲೆಯ ಕವಿ ನೀಲ್ ಮಾಕ್ ಗಿಲ್ಲಾ ವ್ರೀಡಾ ತನ್ನ ಕತ್ತೆಗಾಡಿಯ ಮೇಲೆ ಹೆಸರನ್ನು ಐರಿಷ್ ಅಕ್ಷರದಲ್ಲಿ ಬರೆಸಿದ್ದ. ಗಾಡಿಯ ಮೇಲೆ ಯಜಮಾನನ ಹೆಸರು ಓದಲಿಕ್ಕೆ ಬರುವಂತೆ ಇರಬೇಕು ಅಂತ ಕಾನೂನು. ಐರಿಷ್ ಅಕ್ಷರ ಓದಲಿಕ್ಕೆ ಬರುವುದಿಲ್ಲ ಅಂತ ದಂಡ ಬಿತ್ತು. ಮೇಲಿನ ಕೋರ್ಟಿನಲ್ಲಿ ಅವನ ಪರ ವಾದ ಮಾಡಿದ್ದು ಪ್ಯಾಟ್ರಿಕ್ ಪಿಯರ್ಸ್, ಮುಂದೆ 1916ರ ದಂಗೆಯ ನಾಯಕ. ವಾದ ಸೋತಿತು. ಊರಿನವರ ಭಾಷೆಯ ಅಕ್ಷರ, ಪೊಲೀಸಿಗೆ ಓದಲಿಕ್ಕೆ ಬರುವುದಿಲ್ಲ ಅಂದರೆ, ಕಾನೂನಿನ ಕಣ್ಣಿಗೆ ಅದು ಬರಹವೇ ಅಲ್ಲ.

ಎಲ್ಲರೂ ಗಬ್ನಿತ್‌ನಿಂದ ಅಬಿಗೇಲ್ ಕಡೆಗೆ ಹೋಗುವಾಗ ಒಬ್ಬರು ಉಲ್ಟಾ ಬಂದರು. ಅವರ ಕಥೆ ನಿಜಕ್ಕೂ ವಿಚಿತ್ರ. 1861ರಲ್ಲಿ ಲಂಡನಿನ ಶ್ರೀಮಂತ ಮನೆತನದಲ್ಲಿ ಹುಟ್ಟಿದ ಆಲ್ಬಿನಿಯಾ ಬ್ರಾಡ್ರಿಕ್. ತಂದೆ ಮಿಡಲ್ಟನ್‌ನ ವೈಕೌಂಟ್. ಅಣ್ಣ ಸೇಂಟ್ ಜಾನ್ ಬ್ರಾಡ್ರಿಕ್ 1903ರಿಂದ 1905ರ ತನಕ ಲಂಡನಿನಲ್ಲಿ ಭಾರತದ ಮಂತ್ರಿ. ಲಾರ್ಡ್ ಕರ್ಜನ್ ವೈಸ್‌ರಾಯ್ ಆಗಿದ್ದಾಗ, ಬಂಗಾಳ ಇಬ್ಭಾಗ ಆದಾಗ, ಇವರೇ ಆ ಕುರ್ಚಿಯಲ್ಲಿ. ತಂಗಿ ನರ್ಸಿಂಗ್ ಕಲಿತು, ಕೆರ್ರಿ ಜಿಲ್ಲೆಯ ಬಡ ಕರಾವಳಿಗೆ ಹೋಗಿ, ಅಲ್ಲಿಯ ಜನರಿಗೆ ಆಸ್ಪತ್ರೆ ಕಟ್ಟಲಿಕ್ಕೆ ಹೊರಟರು. ಐರಿಷ್ ಕಲಿತರು. ಹೆಸರನ್ನೇ ಬದಲಿಸಿ ಗಬ್ನಿತ್ ನೀ ವ್ರೂದರ್ ಆದರು. ಬ್ರಾಡ್ರಿಕ್ ಅನ್ನುವುದರ ಐರಿಷ್ ರೂಪ ಅದು. ಐರ್ಲೆಂಡಿನ ಸ್ವಾತಂತ್ರ್ಯದ ಹೋರಾಟಕ್ಕೆ ಇಳಿದರು. 1923ರಲ್ಲಿ, 61ರ ವಯಸ್ಸಿನಲ್ಲಿ, ಸೈಕಲ್ಲಿನಲ್ಲಿ ಹೋಗುವಾಗ ಸೈನಿಕರ ಗುಂಡು ತಗಲಿತು, ಜೈಲಿಗೆ ಹೋದರು, ಉಪವಾಸ ಕೂತರು. 1955ರಲ್ಲಿ 93ನೇ ವಯಸ್ಸಿನಲ್ಲಿ ತೀರಿಕೊಂಡದ್ದೂ ಕೆರ್ರಿಯಲ್ಲೇ. ಸಾಮ್ರಾಜ್ಯ ಆಳುವ ಮನೆಯ ಮಗಳು ಆರಿಸಿಕೊಂಡದ್ದು ರಾಣಿಯ ಹೆಸರನ್ನಲ್ಲ, ಹಳ್ಳಿಯ ಹೆಂಗಸರು ಆಫೀಸಿನಲ್ಲಿ ಹೇಳಲಿಕ್ಕೆ ನಾಚುತ್ತಿದ್ದ ಹೆಸರನ್ನು.

ಇವತ್ತು ಐರ್ಲೆಂಡ್ ಸ್ವತಂತ್ರ, ಐರಿಷ್ ಮೊದಲ ರಾಜಭಾಷೆ. ನೀವ್, ಸೀರ್ಶಾ ಅನ್ನುವ ಐರಿಷ್ ಹೆಸರುಗಳು ಈಗ ಫ್ಯಾಷನ್. ಆದರೂ ಗಬ್ನಿತ್ ಅಪರೂಪ. ಕಾರಣ ಕೇಳಿದರೆ ಬೇಸರ ಆಗುತ್ತದೆ. ಆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಕಂಡವರಿಗೆ ಮೊದಲು ಕಾಣುವುದು "ಗಾಬ್". ಇಂಗ್ಲಿಷಿನ ಒರಟು ಮಾತಿನಲ್ಲಿ ಅದಕ್ಕೆ ಬಾಯಿ, ನಮ್ಮ ಮೂತಿ ಅನ್ನುವ ಅರ್ಥ. ಮಕ್ಕಳು ನಗುತ್ತಾರೆ. ಒಂದೂವರೆ ಸಾವಿರ ವರ್ಷದ ಹೆಸರು ಇನ್ನೊಂದು ಭಾಷೆಯ ಕಿವಿಗೆ ತಮಾಷೆ ಕೇಳಿತು ಅಂತ ಮೂಲೆಗೆ ಸರಿಯಿತು. ಕಾನೂನು ಮಾತ್ರ ತಡವಾಗಿ ಎಚ್ಚರ ಆಗಿದೆ. ಅಲ್ಲಿಯ ರಾಜಭಾಷಾ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿಯಲ್ಲಿ, ಜನರ ಹೆಸರನ್ನು ಅವರು ಬಯಸಿದ ಐರಿಷ್ ರೂಪದಲ್ಲೇ ಬಳಸುವ ಹೊಣೆಯನ್ನು ಸರಕಾರಿ ಸಂಸ್ಥೆಗಳ ಮೇಲೆ ಹಾಕಿದ್ದಾರೆ.

ಇಷ್ಟು ಓದಿದ ಮೇಲೆ ನಮಗೆ ಕೌಂಟರಿನಲ್ಲಿ ಕೂರುವುದು ಸ್ವಲ್ಪ ಕಷ್ಟ ಆಯಿತು. ಯಾಕೆಂದರೆ ಈ ಕಥೆಯಲ್ಲಿ ನಾವು ಯಾರು? ಗಬ್ನಿತ್ ಅಲ್ಲ. ರಿಜಿಸ್ಟರ್ ಬರೆಯುವ ಗುಮಾಸ್ತ. ಅವನು ಕೆಟ್ಟವನಾಗಿರಲಿಕ್ಕಿಲ್ಲ. ಹಿಂದೆ ಕ್ಯೂ ಇತ್ತು, ಮುಂದೆ ಫಾರಂ ಇತ್ತು, ಅಬಿಗೇಲ್ ಬರೆಯುವುದು ಸುಲಭ ಇತ್ತು.

ನಮ್ಮ ಕಡೆ ಹುಟ್ಟಿದ ವಾರದ ಹೆಸರು ಇಡುತ್ತಿದ್ದರು, ನಿಮಗೆ ಗೊತ್ತುಂಟು. ಆದಿತ್ಯವಾರ ಐತ, ಮಂಗಳವಾರ ಅಂಗಾರ, ಬುಧವಾರ ಬೂದ, ಶುಕ್ರವಾರ ತುಕ್ರ, ಶನಿವಾರ ತನಿಯ. ಹೆಂಗಸರಿಗೂ ಇದೇ ಬಗೆಯ ಹೆಸರುಗಳು. ಹೆಚ್ಚಾಗಿ ಗದ್ದೆಯಲ್ಲಿ ದುಡಿಯುವ ಮನೆಗಳ ಹೆಸರುಗಳು ಇವು. ಶಾಲೆಯಲ್ಲಿ ಇವುಗಳಿಗೂ ನಗುತ್ತಿದ್ದರು. ಈಗ ಅಜ್ಜ ಅಜ್ಜಿಯರಲ್ಲಿ ಮಾತ್ರ ಉಳಿದಿವೆ. ಅವರು ಕೌಂಟರಿಗೆ ಬಂದು ಒಂದು ಹೇಳುತ್ತಾರೆ, ಅದು ಇಂಗ್ಲಿಷಿಗೆ ಹೋಗಿ, ಮಲಯಾಳಕ್ಕೆ ಹೋಗಿ, ವಾಪಸು ಬರುವಾಗ ಬೇರೆಯೇ ಆಗಿರುತ್ತದೆ. ನಾವು ಕಾರ್ಡು ನೋಡಿ, "ಅಜ್ಜೀ, ಇನ್ನು ಮುಂದೆ ಇದೇ ನಿಮ್ಮ ಹೆಸರು, ಎಲ್ಲಾ ಕಡೆ ಇದನ್ನೇ ಹೇಳಿ" ಅಂತ ಎಷ್ಟು ಜನರಿಗೆ ಹೇಳಿದ್ದೇವೋ ಲೆಕ್ಕ ಇಟ್ಟಿಲ್ಲ. ಅವರು ತಲೆ ಅಲ್ಲಾಡಿಸಿ ಹೆಬ್ಬೆಟ್ಟು ಒತ್ತಿ ಹೋದರು. ಪಾಪ, ಪಿಂಚಣಿ ಬರಬೇಕಲ್ಲ.

ಬ್ಯಾಂಕಿನ ನಿಯಮವನ್ನು ನಾವು ಬದಲಿಸಲಿಕ್ಕೆ ಆಗುವುದಿಲ್ಲ. ದಾಖಲೆ ಒಂದೇ ಥರ ಇರಬೇಕು, ಅದರಲ್ಲಿ ಅವರ ದುಡ್ಡಿನ ರಕ್ಷಣೆಯೂ ಉಂಟು. ಆದರೆ ಈಗ ಒಂದು ಕೆಲಸ ಮಾಡುತ್ತೇವೆ. ಕಾರ್ಡು ಕೇಳುವ ಮೊದಲು, "ಮನೆಯಲ್ಲಿ ನಿಮ್ಮನ್ನು ಏನಂತ ಕರೀತಾರೆ?" ಅಂತ ಕೇಳುತ್ತೇವೆ. ಆ ಹೆಸರಿನಲ್ಲೇ ಟೋಕನ್ ಕರೆಯುತ್ತೇವೆ. ಹೊಸದಾಗಿ ಫಾರಂ ತುಂಬುವವರಿಗೆ, "ಮೊದಲು ಕನ್ನಡದಲ್ಲಿ ಬರೆಯಿರಿ, ಆಮೇಲೆ ಅದಕ್ಕೆ ಹೊಂದುವ ಇಂಗ್ಲಿಷ್ ಅಕ್ಷರ ಹಾಕುವ" ಅನ್ನುತ್ತೇವೆ. ಐದು ನಿಮಿಷ ಹೆಚ್ಚು ಹಿಡಿಯುತ್ತದೆ. ಹಿಂದೆ ನಿಂತವರು ಗೊಣಗುತ್ತಾರೆ. ಗೊಣಗಲಿ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಹಿರಿಯರ ಹೆಸರು ಯಾವುದು, ಯಾಕೆ ಇಟ್ಟರು, ಕಾಗದದಲ್ಲಿ ಏನಾಗಿದೆ, ಈ ಮೂರನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಅವರು ಇರುವಾಗಲೇ ಕೇಳಿ.

ಆ ನರ್ಸಮ್ಮ ವಾಪಸು ಹೋದ ಮೇಲೆ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದರು. ಅಜ್ಜಿಯ ಮಂಚದ ಮೇಲಿನ ಬೋರ್ಡಿನಲ್ಲಿ ಈಗ ಗಬ್ನಿತ್ ಅಂತ ಬರೆದಿದ್ದಾರಂತೆ, ಕೆಳಗೆ ಸಣ್ಣದಾಗಿ ಅಬಿಗೇಲ್. ಒಂದು ದಿನ ಅಜ್ಜಿಗೆ ಸ್ವಲ್ಪ ಚುರುಕು ಇತ್ತು. "ನಿನ್ನ ಅಮ್ಮನ ಹೆಸರೇನು?" ಅಂತ ಕೇಳಿದರಂತೆ. ಇವರು ಹೇಳಿದರು, ಕಾರ್ಡಿನ ಹೆಸರಲ್ಲ, ಮನೆಯ ಹೆಸರು. ಅಜ್ಜಿ ನಾಲಿಗೆ ಹೊರಳಿಸಲಿಕ್ಕೆ ಕಷ್ಟಪಟ್ಟು, ಮೂರನೆಯ ಸಲಕ್ಕೆ ಸರಿಯಾಗಿ ಹೇಳಿದರಂತೆ.